ಕಾಫಿ ಚೀಲದ ಹಿಂದಿನ ಹೊಣೆ

ಇಂದಿನ ದೊಡ್ಡ ಉದ್ಯಮವೊಂದರ ನಿಜವಾದ ವಿಸ್ತಾರ ಅದರ ಕಚೇರಿ, ಕಾರ್ಖಾನೆ, ಗೋದಾಮುಗಳ ಗೋಡೆಯೊಳಗೆ ಮುಗಿಯುವುದಿಲ್ಲ. ಕಚ್ಚಾ ಸರಕು ಹುಟ್ಟುವ ಹೊಲ, ತೋಟ, ಗಣಿಗಳಿಂದ ತೊಡಗಿ ಅದನ್ನು ಕೊಂಡು ಕೂಡಿಹಾಕುವ ವ್ಯಾಪಾರಿ, ಹದಗೊಳಿಸುವ ಘಟಕ, ಸಾಗಿಸುವ ಲಾರಿ ಮತ್ತು ಹಡಗು, ಕೊನೆಗೆ ಗ್ರಾಹಕರ ಕೈಗೆ ಒಪ್ಪಿಸುವ ಅಂಗಡಿಯವರೆಗೆ ಹಬ್ಬಿಕೊಂಡ ಕೊಂಡಿಗಳ ಸಾಲನ್ನು ಪೂರೈಕೆ ಸರಪಳಿ ಎಂದು ಕರೆಯುತ್ತಾರೆ. ಯುರೋಪಿನ ಪೇಟೆಯಲ್ಲಿ ಹೆಸರಾದ ಕಾಫಿ ಕಂಪನಿ ತಾನಾಗಿ ಒಂದು ಗಿಡವನ್ನೂ ನೆಟ್ಟಿರುವುದಿಲ್ಲ. ಆದರೂ ತನ್ನ ಪೊಟ್ಟಣದೊಳಗಿನ ಬೀಜ ಕಾಡು ಕಡಿದ ನೆಲದಲ್ಲಿ ಬೆಳೆಯಿತೇ, ಅದನ್ನು ಕೊಯ್ದವರಿಗೆ ನ್ಯಾಯವಾದ ಕೂಲಿ ಸಿಕ್ಕಿತೇ, ಅದನ್ನು ತೊಳೆದ ನೀರು ಯಾವ ಹಳ್ಳ ಸೇರಿತು ಎಂಬ ಪ್ರಶ್ನೆಗಳಿಗೆ ಅದು ಈಗ ಉತ್ತರ ಹೇಳಬೇಕಾಗಿದೆ. ಆ ಪ್ರಶ್ನೆಗಳು ಸರಪಳಿಯಲ್ಲಿ ಹಿಂದೆ ಹಿಂದೆ ಸರಿಯುತ್ತ ಬಂದು ಸೋಮವಾರಪೇಟೆ, ಮೂಡಿಗೆರೆ, ಸಕಲೇಶಪುರ ಸೀಮೆಯ ಎರಡು ಎಕರೆ, ಮೂರು ಎಕರೆಯ ಬೆಳೆಗಾರರ ಮನೆಬಾಗಿಲನ್ನೂ ತಲುಪಿವೆ.

ಹೀಗೆ ಬಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಒದಗಿಸುವ ಖರ್ಚು, ಶ್ರಮ ಮತ್ತು ದಂಡದ ಭಯ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರ ಮೇಲೆ ಇಡೀ ವ್ಯವಸ್ಥೆಯ ಸಾರ್ಥಕತೆ ನಿಂತಿದೆ. ಸರಪಳಿಯ ತುದಿಯಲ್ಲಿರುವ ಬಲಾಢ್ಯ ಕೊಳ್ಳುವವನು ತನ್ನ ಅಪಾಯವನ್ನು ದಾಖಲೆಗಳ ರೂಪದಲ್ಲಿ ಬುಡದಲ್ಲಿರುವ ದುರ್ಬಲನಿಗೆ ದಾಟಿಸಿಬಿಟ್ಟರೆ, ಕಾಗದದ ಮೇಲೆ ಅಪಾಯ ಕಡಿಮೆಯಾದಂತೆ ಕಂಡರೂ ನೆಲದ ಮೇಲೆ ಅದು ಇದ್ದಲ್ಲೇ ಇರುತ್ತದೆ. ಕರ್ನಾಟಕದ ಕಾಫಿಯ ಉದಾಹರಣೆ ಈ ಮಾತನ್ನು ಬಹು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಎರಡು ದಿಕ್ಕಿನ ಅಪಾಯ

ಸುಸ್ಥಿರತೆಯ ಅಪಾಯ ಎಂಬುದಕ್ಕೆ ಎರಡು ದಿಕ್ಕುಗಳಿವೆ. ಉದ್ಯಮದ ನಡೆಯಿಂದ ನೆಲ, ನೀರು, ಕಾಡು ಮತ್ತು ದುಡಿಯುವ ಜನರಿಗೆ ಆಗುವ ಹಾನಿ ಒಂದು ದಿಕ್ಕಿನದಾದರೆ, ಹವಾಮಾನದ ಏರುಪೇರು, ಕಾನೂನಿನ ಬಿಗಿ, ಗ್ರಾಹಕರ ಅವಿಶ್ವಾಸಗಳಿಂದ ಉದ್ಯಮಕ್ಕೇ ಬಂದೊದಗುವ ಪೆಟ್ಟು ಇನ್ನೊಂದು ದಿಕ್ಕಿನದು. ಹಳೆಯ ಕಾಲದ ವ್ಯವಹಾರಶಾಸ್ತ್ರ ಎರಡನೆಯದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತು. ಮೊದಲನೆಯದು ಇಂದಲ್ಲ ನಾಳೆ ಎರಡನೆಯದಾಗಿ ಮರಳಿ ಬರುತ್ತದೆ ಎಂಬ ತಿಳಿವಳಿಕೆ ಕಳೆದ ಎರಡು ದಶಕಗಳಲ್ಲಿ ಗಟ್ಟಿಯಾಗಿದೆ.

ಕಾಫಿಯಲ್ಲಿ ಈ ಎರಡೂ ದಿಕ್ಕುಗಳು ಒಟ್ಟಿಗೇ ಕಾಣುತ್ತವೆ. 2021ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಬಿದ್ದ ಹಿಮ, ಆನಂತರ ಅಲ್ಲಿ ಕಾಡಿದ ಬರ, 2024ರಲ್ಲಿ ವಿಯೆಟ್ನಾಂನ ರೊಬಸ್ಟಾ ಸೀಮೆಯನ್ನು ಒಣಗಿಸಿದ ಬಿಸಿಲು ಇವೆಲ್ಲ ಸೇರಿ ಜಗತ್ತಿನ ಕಾಫಿ ಪೇಟೆಯನ್ನೇ ಅಲುಗಾಡಿಸಿದವು. ಲಂಡನ್ ಪೇಟೆಯಲ್ಲಿ ರೊಬಸ್ಟಾ ಧಾರಣೆ ಟನ್ನಿಗೆ 5,000 ಡಾಲರ್ ದಾಟಿತು. ಮಲೆನಾಡಿನ ಬೆಳೆಗಾರರಿಗೆ ಇದರಿಂದ ಒಳ್ಳೆಯ ಬೆಲೆ ಸಿಕ್ಕಿದ್ದು ನಿಜ. ಆದರೆ ಅದೇ ಹವಾಮಾನ ಅವರನ್ನೂ ಬಿಟ್ಟಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಹದವಾಗಿ ಒಂದೊಂದೂವರೆ ಇಂಚು ಹೂಮಳೆ ಬಂದು, ಕೆಲವು ವಾರಗಳಲ್ಲೇ ಅದರ ಬೆನ್ನಿಗೆ ಇನ್ನೊಂದು ಮಳೆ ಬಿದ್ದರೆ ಮಾತ್ರ ಹೂ ಸರಿಯಾಗಿ ಕಾಯಿ ಕಚ್ಚುತ್ತದೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ಕೆರೆಯ ನೀರು ಬೇಕು. ಕೆರೆಯಿಲ್ಲದ ಸಣ್ಣ ಹಿಡುವಳಿದಾರನಿಗೆ ಆ ವರ್ಷದ ಫಸಲೇ ಸಂದೇಹ. ಕೊಯ್ಲಿನ ಕಾಲಕ್ಕೆ ಅಕಾಲಿಕ ಮಳೆ ಸುರಿದರೆ ಹಣ್ಣು ಗಿಡದಲ್ಲೇ ಬಿರಿದು ಉದುರುತ್ತದೆ, ಕಣದಲ್ಲಿ ಹರಡಿದ ಕಾಫಿ ಬೂಷ್ಟು ಹಿಡಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ತೋಟಗಳ ಜೊತೆಗೆ ಮನೆ, ರಸ್ತೆಗಳೂ ಕೊಚ್ಚಿಹೋದವು. ಬುಡದ ಕೊಂಡಿಯೇ ಹೀಗೆ ಸಡಿಲಗೊಂಡಾಗ, ಅದರ ಮೇಲೆ ಕಟ್ಟಿಕೊಂಡ ಯಾವ ವ್ಯಾಪಾರವೂ ಭದ್ರವಾಗಿ ಉಳಿಯದು.

ಹಣ್ಣಿನಿಂದ ಹಡಗಿನವರೆಗೆ

ಈ ಸರಪಳಿಯ ಅಪಾಯಗಳನ್ನು ಅರಿಯಬೇಕಾದರೆ ಸರಕು ಸಾಗುವ ದಾರಿಯನ್ನು ಹತ್ತಿರದಿಂದ ನೋಡಬೇಕು. ಭಾರತ ವರ್ಷಕ್ಕೆ ಸುಮಾರು 3.5 ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಸುಮಾರು ಶೇ 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಬೆಳೆದದ್ದರ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂಗಳು ಪ್ರಮುಖ ಕೊಳ್ಳುವ ದೇಶಗಳು. ಹಿಡುವಳಿಗಳ ಪೈಕಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ವಿಶಾಲ ಎಸ್ಟೇಟು, ದೊಡ್ಡ ಬಂಗಲೆಯ ಚಿತ್ರವನ್ನೇ ಕಾಫಿಯ ಚಿತ್ರವೆಂದು ತಿಳಿದವರಿಗೆ ಈ ಲೆಕ್ಕ ಅಚ್ಚರಿ ತರಬಹುದು.

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಂತಹಂತವಾಗಿ ಕೊಯ್ದ ಹಣ್ಣಿಗೆ ಎರಡು ದಾರಿಗಳಿವೆ. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಪಲ್ಪರ್ ಕೊಳ್ಳುವ ಶಕ್ತಿಯಾಗಲಿ, ತೊಳೆಯುವಷ್ಟು ನೀರಾಗಲಿ ಇಲ್ಲದ ಸಣ್ಣ ಬೆಳೆಗಾರ ಸಾಮಾನ್ಯವಾಗಿ ಚೆರಿಯನ್ನೇ ಮಾಡಿ, ಚೀಲ ತುಂಬಿ, ಊರಿನ ಅಥವಾ ಹೋಬಳಿ ಕೇಂದ್ರದ ವ್ಯಾಪಾರಿಗೆ ಮಾರುತ್ತಾನೆ. ಅಲ್ಲಿ 50 ಕೆಜಿ ಚೀಲಕ್ಕೆ ದರ ನಿಗದಿಯಾಗುತ್ತದೆ. ಚೀಲದಿಂದ ಎಷ್ಟು ಕೆಜಿ ಶುದ್ಧ ಬೀಜ ಹೊರಡುತ್ತದೆ ಎಂಬ ಔಟ್‌ಟರ್ನ್ ಲೆಕ್ಕದ ಮೇಲೆ ಅದು ಏರಿಳಿಯುತ್ತದೆ. ವ್ಯಾಪಾರಿಯ ಗೋದಾಮಿನಲ್ಲಿ ಹತ್ತಾರು ತೋಟಗಳ ಕಾಫಿ ಒಂದೇ ರಾಶಿಯಾಗುತ್ತದೆ. ಆ ರಾಶಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಹೊಟ್ಟು ತೆಗೆಸಿಕೊಂಡು, ಗಾತ್ರ ಮತ್ತು ತೂಕಕ್ಕೆ ತಕ್ಕಂತೆ ವಿಂಗಡಣೆಯಾಗಿ ಮತ್ತೆ ಹಲವು ಊರುಗಳ ಬೀಜದೊಡನೆ ಬೆರೆಯುತ್ತದೆ. ಆಮೇಲಷ್ಟೇ ಅದು ಕಂಟೇನರ್ ಸೇರಿ ಬಂದರಿನ ಹಾದಿ ಹಿಡಿಯುವುದು.

ಒಂದು ಕಂಟೇನರಿಗೆ 60 ಕೆಜಿಯ 320 ಚೀಲಗಳೆಂದರೆ ಸುಮಾರು 19 ಟನ್. ಹೆಕ್ಟೇರಿಗೆ ಒಂದು ಟನ್ ಇಳುವರಿ ಎಂದು ಹಿಡಿದರೂ ಅದನ್ನು ತುಂಬಲು 19 ಹೆಕ್ಟೇರಿನ ಫಸಲು ಬೇಕು. ಎರಡೆರಡು ಎಕರೆಯ ಬೆಳೆಗಾರರೇ ಅದನ್ನು ತುಂಬಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಮನೆಗಳ ಒಂದು ವರ್ಷದ ದುಡಿಮೆ ಆ ಒಂದೇ ಪೆಟ್ಟಿಗೆಯೊಳಗೆ ಕೂಡುತ್ತದೆ. ಹೀಗೆ ಬೆರೆತುಹೋದ ಬೀಜದ ಮೂಲವನ್ನು ಆಮೇಲೆ ಬೇರ್ಪಡಿಸಿ ಹೇಳಲು ಯಾರಿಂದಲೂ ಆಗದು. ಸರಕು ಯಾವ ನೆಲದಿಂದ ಬಂತು ಎಂದು ಪ್ರತಿ ಹಂತದಲ್ಲೂ ದಾಖಲಿಸಿಕೊಂಡು ಬರುವ ಕ್ರಮವನ್ನು ಮೂಲ ಪತ್ತೆ ಎನ್ನುವುದಾದರೆ, ಆ ಮೂಲ ಅಳಿಸಿಹೋಗುವ ಜಾಗ ವ್ಯಾಪಾರಿಯ ಈ ಗೋದಾಮು. ಸಣ್ಣ ಬೆಳೆಗಾರನಿಗೆ ಈ ವ್ಯಾಪಾರಿ ಮಳೆಗಾಲದಲ್ಲಿ ಕೈಸಾಲ ಕೊಡುವವನೂ ಹೌದು, ಗೊಬ್ಬರ ಒದಗಿಸುವವನೂ ಹೌದು. ಹೀಗಾಗಿ ಅವನನ್ನು ಸರಪಳಿಯಿಂದ ಕಿತ್ತುಹಾಕುವ ಯೋಜನೆಗಳು ಊರಿನ ನಿತ್ಯದ ವ್ಯವಹಾರವನ್ನು ಅರಿಯದೆ ರೂಪಿಸಿದವೇ ಆಗಿರುತ್ತವೆ.

ಯುರೋಪಿನ ಕಾಯ್ದೆ ಕೇಳುವುದೇನು

2023ರ ಜೂನ್‌ನಲ್ಲಿ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಈ ಹಳೆಯ ವ್ಯವಸ್ಥೆಗೆ ಹೊಸ ಪರೀಕ್ಷೆಯೊಡ್ಡಿದೆ. ಜಾನುವಾರು, ಕೋಕೊ, ಕಾಫಿ, ತಾಳೆಎಣ್ಣೆ, ರಬ್ಬರ್, ಸೋಯಾ, ಮರ ಎಂಬ ಏಳು ಸರಕುಗಳಿಗೂ ಅವುಗಳಿಂದ ತಯಾರಾದ ಹಲವು ಪದಾರ್ಥಗಳಿಗೂ ಅದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಸರಕನ್ನು ಒಕ್ಕೂಟದ ಪೇಟೆಗೆ ತರುವಂತಿಲ್ಲ. ಬೆಳೆದ ದೇಶದ ಕಾನೂನುಗಳನ್ನು ಮೀರಿ ಬೆಳೆದದ್ದನ್ನೂ ತರುವಂತಿಲ್ಲ. ಇವೆರಡನ್ನೂ ಖಚಿತಪಡಿಸಿಕೊಳ್ಳಲು ಆಮದುದಾರ ಮೊದಲೇ ನಡೆಸಬೇಕಾದ ಹೊಣೆಗಾರಿಕೆಯ ವಿಚಾರಣೆಯನ್ನು ಡ್ಯೂ ಡಿಲಿಜೆನ್ಸ್ ಎನ್ನುತ್ತಾರೆ: ಮಾಹಿತಿ ಕಲೆಹಾಕುವುದು, ಅಪಾಯವನ್ನು ತೂಗಿ ನೋಡುವುದು, ಅಪಾಯ ಕಂಡರೆ ಅದನ್ನು ನಗಣ್ಯವೆನಿಸುವ ಮಟ್ಟಕ್ಕೆ ಇಳಿಸುವುದು ಎಂಬ ಮೂರು ಮೆಟ್ಟಿಲುಗಳು ಅದಕ್ಕಿವೆ.

ಪ್ರತಿ ಸರಕಿನೊಂದಿಗೆ ಅದು ಬೆಳೆದ ಜಾಗದ ಅಕ್ಷಾಂಶ–ರೇಖಾಂಶಗಳನ್ನು ಕೊಡಬೇಕು. ನಾಲ್ಕು ಹೆಕ್ಟೇರಿನವರೆಗಿನ, ಅಂದರೆ ಸುಮಾರು 10 ಎಕರೆಯ ತೋಟಕ್ಕೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿರೇಖೆಯನ್ನೇ ಗುರುತಿಸಬೇಕು. ಮೂಲ ಗೊತ್ತಿಲ್ಲದ ಸರಕನ್ನು ಗೊತ್ತಿರುವುದರೊಡನೆ ಬೆರೆಸಲು ಅವಕಾಶವಿಲ್ಲ. ಬೆರೆಸಿದ ರಾಶಿಯಲ್ಲಿ ಒಂದು ಪಾಲು ನಿಯಮಬಾಹಿರವಾಗಿ, ಅದನ್ನು ಬೇರ್ಪಡಿಸಲು ಆಗದೆ ಹೋದರೆ ಇಡೀ ರಾಶಿಗೇ ಬಾಗಿಲು ಮುಚ್ಚುತ್ತದೆ. ತಪ್ಪಿತಸ್ಥ ಕಂಪನಿಗೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ, ಒಕ್ಕೂಟದೊಳಗಿನ ಅದರ ವಾರ್ಷಿಕ ವಹಿವಾಟಿನ ಕನಿಷ್ಠ ಶೇ 4ರಷ್ಟಾದರೂ ಇರಬೇಕೆಂದು ನಿಯಮ ಹೇಳುತ್ತದೆ.

2025ರ ಮೇ ತಿಂಗಳಲ್ಲಿ ಒಕ್ಕೂಟ ದೇಶಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದಾಗ ಭಾರತ ಕಡಿಮೆ ಅಪಾಯದ ಪಟ್ಟಿಯಲ್ಲಿ ಸೇರಿತು. ಇದರಿಂದ ಆಮದುದಾರರಿಗೆ ಅಪಾಯ ತೂಗುವ ಮತ್ತು ತಗ್ಗಿಸುವ ಎರಡು ಮೆಟ್ಟಿಲುಗಳ ವಿನಾಯಿತಿ ಸಿಗುತ್ತದೆ. ಅಧಿಕಾರಿಗಳ ತಪಾಸಣೆಯೂ ಹೆಚ್ಚಿನ ಅಪಾಯದ ದೇಶಗಳಿಗೆ ಶೇ 9ರಷ್ಟಿದ್ದರೆ ಇಲ್ಲಿಗೆ ಶೇ 1ಕ್ಕೆ ಇಳಿಯುತ್ತದೆ. ಆದರೆ ತೋಟದ ಸ್ಥಳ ವಿವರ ಒದಗಿಸುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ. ಕಾಫಿ ಮಂಡಳಿ ಬೆಳೆಗಾರರನ್ನು ಮೊಬೈಲ್ ಆ್ಯಪ್ ಮೂಲಕ ನೋಂದಾಯಿಸಿಕೊಳ್ಳುವ ಕಾರ್ಯಕ್ಕೆ ಕೈಹಾಕಿರುವುದು ಇದೇ ಕಾರಣದಿಂದ. ಈ ನಡುವೆ ನಿಯಮ ಅನ್ವಯವಾಗುವ ದಿನ ಎರಡು ಬಾರಿ ಮುಂದಕ್ಕೆ ಹೋಗಿದೆ: ಮೊದಲು 2024ರ ಡಿಸೆಂಬರ್ ಎಂದಿದ್ದದ್ದು 2025ಕ್ಕೆ ಸರಿದು, 2025ರ ಡಿಸೆಂಬರ್‌ನ ತಿದ್ದುಪಡಿಯಂತೆ ದೊಡ್ಡ ಹಾಗೂ ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ, ಅತಿಸಣ್ಣ ಮತ್ತು ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30ಕ್ಕೆ ನಿಂತಿದೆ. ಮುಂದೂಡಿಕೆ ಹಲವರಿಗೆ ಉಸಿರಾಡಲು ಸಮಯ ಕೊಟ್ಟಿತು. ಆದರೆ ಮೊದಲೇ ಹಣ ಹೂಡಿ ತೋಟಗಳ ನಕ್ಷೆ ಮಾಡಿಸಿ, ರಾಶಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡವರಿಗೆ ಆ ಮುತುವರ್ಜಿಯ ಪ್ರತಿಫಲವೂ ಮುಂದಕ್ಕೆ ಹೋಯಿತು.

ಮರದ ನೆರಳು ಮತ್ತು ಉಪಗ್ರಹದ ಕಣ್ಣು

ಮಲೆನಾಡಿನ ಕಾಫಿಯ ವಿಶೇಷವೆಂದರೆ ಅದು ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಅತ್ತಿ, ಬಸರಿ, ಹಲಸು, ಬೀಟೆ, ಹೊನ್ನೆ, ನಂದಿಗಳ ಕೆಳಗೆ ಕಾಫಿ ಗಿಡ, ಮರದ ಮೈಗೆ ಹಬ್ಬಿದ ಮೆಣಸಿನ ಬಳ್ಳಿ ಇರುವ ತೋಟ ಆಕಾಶದಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ. ಬ್ರೆಜಿಲ್‌ನ ಬಯಲು ತೋಟಗಳಿಗೆ ಹೋಲಿಸಿದರೆ ಪರಿಸರದ ದೃಷ್ಟಿಯಿಂದ ಇದು ಬಹುದೊಡ್ಡ ಗುಣ. ಉಪಗ್ರಹ ಚಿತ್ರಗಳನ್ನು ಆಧರಿಸಿದ ತಪಾಸಣೆಯಲ್ಲಿ ಇದೇ ಗುಣ ತೊಡಕಾಗುವ ಸಾಧ್ಯತೆಯಿದೆ. 2020ರ ಅರಣ್ಯ ನಕ್ಷೆಯಲ್ಲಿ ಕಾಡೆಂದು ಬಣ್ಣ ಬಳಿದುಕೊಂಡ ತೋಟದಲ್ಲಿ ಬೆಳೆಗಾರ ಮಳೆಗಾಲಕ್ಕೆ ಮುನ್ನ ಎಂದಿನಂತೆ ಮರಗಸಿ ಮಾಡಿ ಕೊಂಬೆಗಳನ್ನು ಸವರಿದರೆ, ಮುಂದಿನ ಚಿತ್ರದಲ್ಲಿ ಹಸಿರು ತೆಳುವಾದಂತೆ ಕಂಡು ಅದು ಅರಣ್ಯನಾಶದ ಸುಳಿವೆಂದು ದಾಖಲಾಗಬಹುದು.

ನಿಯಮದ ಒಕ್ಕಣೆಯಲ್ಲಿ ಇದಕ್ಕೆ ಪರಿಹಾರವಿದೆ. ಅದು ಅನುಸರಿಸುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ, ಐದು ಮೀಟರಿಗಿಂತ ಎತ್ತರದ ಮರಗಳ ಹಂದರ ಶೇ 10ಕ್ಕಿಂತ ಹೆಚ್ಚಿದ್ದರೆ ಅದು ಅರಣ್ಯ. ಆದರೆ ಮುಖ್ಯವಾಗಿ ಕೃಷಿಗೆ ಬಳಕೆಯಾಗುವ ನೆಲ, ಮರಗಳ ನಡುವೆ ಬೆಳೆ ತೆಗೆಯುವ ಕೃಷಿ-ಅರಣ್ಯ ಪದ್ಧತಿಯೂ ಸೇರಿದಂತೆ, ಆ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. ಒಕ್ಕೂಟ ಪ್ರಕಟಿಸಿದ ಅರಣ್ಯ ನಕ್ಷೆಯೂ ಸುಳಿವು ನೀಡುವ ಸಾಧನವಷ್ಟೇ, ಅಂತಿಮ ಪುರಾವೆ ಅಲ್ಲ. ಹೀಗಿದ್ದರೂ ಅನುಮಾನ ಬಂದಾಗ ತನ್ನದು ಹಳೆಯ ತೋಟವೆಂದು ಸಾಧಿಸಿ ತೋರಿಸುವ ಕೆಲಸ ಬೆಳೆಗಾರನ ಕಡೆಗೇ ವಾಲುತ್ತದೆ. ದೊಡ್ಡ ಎಸ್ಟೇಟಿಗೆ ಅದಕ್ಕಾಗಿ ಸಿಬ್ಬಂದಿ, ದಾಖಲೆ, ವಕೀಲರಿದ್ದಾರೆ. ಎರಡು ಎಕರೆಯವನ ಕೈಯಲ್ಲಿರುವುದು ಬಹುತೇಕ ಪಹಣಿಯೊಂದೇ.

ಆ ಪಹಣಿಯೂ ಹಲವು ಕಡೆ ಸರಳವಾಗಿಲ್ಲ. ತಂದೆ-ತಾತಂದಿರ ಹೆಸರಿನಲ್ಲೇ ಉಳಿದ ಖಾತೆ, ಪೋಡಿಯಾಗದ ಸರ್ವೆ ನಂಬರು, ಕೊಡಗಿನ ಜಮ್ಮಾ ಬಾಣೆಯಂಥ ವಿಶಿಷ್ಟ ಹಿಡುವಳಿ, ದಶಕಗಳಿಂದ ಸಾಗುವಳಿ ಮಾಡುತ್ತ ಬಂದರೂ ಕಾಗದದಲ್ಲಿ ಇಂದಿಗೂ ಸರ್ಕಾರಿ ಜಾಗವೇ ಆಗಿರುವ ತೋಟ ಇವೆಲ್ಲ ಮಲೆನಾಡಿನ ವಾಸ್ತವಗಳು. ಒತ್ತುವರಿ ಮಾಡಿಕೊಂಡ ಇಂಥ ತೋಟಗಳನ್ನು 25 ಎಕರೆಯ ಮಿತಿಯೊಳಗೆ 30 ವರ್ಷಗಳ ಗುತ್ತಿಗೆಗೆ ಕೊಡುವ ಅವಕಾಶವನ್ನು ರಾಜ್ಯ ಸರ್ಕಾರ ಕಲ್ಪಿಸಿದೆ. ಅದರ ಸರಿತಪ್ಪುಗಳ ಚರ್ಚೆ ಬೇರೆಯೇ ಇದೆ. ಯುರೋಪಿನ ನಿಯಮದಲ್ಲಿ ಭೂಬಳಕೆಯ ಹಕ್ಕು ಕಾನೂನುಬದ್ಧತೆಯ ಭಾಗವಾಗಿರುವುದರಿಂದ, ತಾಲ್ಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದ ಕಡತ ಈಗ ಅಂತರರಾಷ್ಟ್ರೀಯ ವ್ಯಾಪಾರದ ಅಪಾಯವಾಗಿ ಮಾರ್ಪಟ್ಟಿದೆ. ಯಾವ ಕಂಪನಿಯ ತಪಾಸಣಾ ತಂಡವೂ ಇದನ್ನು ಬಗೆಹರಿಸಲಾರದು. ಇದಕ್ಕೆ ಸರ್ಕಾರವೇ ಹೊಣೆ ಹೊರಬೇಕು.

ನಕ್ಷೆಗೆ ಕಾಣದ ಹಾನಿ

ಅರಣ್ಯನಾಶವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಕಣ್ತಪ್ಪುವ ಹಾನಿಗಳು ಹಲವು. ಅವುಗಳಲ್ಲಿ ಮೊದಲನೆಯದು ಕಾಡುಜಾತಿಯ ನೆರಳು ಮರಗಳ ಜಾಗದಲ್ಲಿ ಸಿಲ್ವರ್ ಓಕ್ ಹಬ್ಬುತ್ತಿರುವುದು. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ನೆಟ್ಟಗೆ ನಿಂತು ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕೆಂದಾಗ ಕಡಿದು ಮಾರಲೂ ಸುಲಭ. ಬೀಟೆ, ಹೊನ್ನೆಗಳ ವಿಷಯ ಹಾಗಲ್ಲ. ಅವುಗಳನ್ನು ಕಡಿಯಲು ಅನುಮತಿ ಬೇಕು. ಕೊಡಗಿನ ಕೆಲವು ಬಗೆಯ ಹಿಡುವಳಿಗಳಲ್ಲಿ ಮರದ ಮೌಲ್ಯ ಪಾವತಿಸಿ ಹಕ್ಕು ಬಿಡಿಸಿಕೊಳ್ಳದ ಹೊರತು ಅವು ಸರ್ಕಾರದ ಸೊತ್ತಾಗಿಯೇ ಉಳಿಯುತ್ತವೆ. ತಾನೇ ಕಾಪಾಡಿ ಬೆಳೆಸಿದ ಮರದ ಮೇಲೆ ತನಗೆ ಹಕ್ಕಿಲ್ಲವೆಂದಾದಾಗ ಬೆಳೆಗಾರ ಆ ಜಾತಿಯ ಸಸಿಯನ್ನು ಹೊಸದಾಗಿ ನೆಡಲು ಹಿಂಜರಿಯುವುದು ಸಹಜ. ಮರವನ್ನು ಉಳಿಸಲೆಂದೇ ಮಾಡಿದ ಕಾನೂನು ಹೀಗೆ ಅದರ ಸಂತತಿಗೇ ಕುತ್ತಾಗುತ್ತದೆ. ಉಪಗ್ರಹದ ಚಿತ್ರದಲ್ಲಿ ಸಿಲ್ವರ್ ಓಕ್, ಕಾಡುಮರ ಎರಡೂ ಹಸಿರೇ. ಅತ್ತಿಯ ಹಣ್ಣನ್ನು ನಂಬಿದ ಹಕ್ಕಿಗಳಿಗೆ, ಎಲೆ ಕೊಳೆತು ಗೊಬ್ಬರವಾಗುವ ಮಣ್ಣಿಗೆ ಎರಡೂ ಒಂದೇ ಅಲ್ಲ.

ಎರಡನೆಯದು ನೀರು. ಪಲ್ಪಿಂಗ್ ಮಾಡಿ ಹೊರಬಿಟ್ಟ ನೀರಿನಲ್ಲಿ ಹಣ್ಣಿನ ಸಕ್ಕರೆ ಮತ್ತು ಲೋಳೆ ತುಂಬಿರುತ್ತವೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಅರಗಿಸುವ ಭರದಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು ಸಾಯುತ್ತದೆ, ಹಳ್ಳ ನಾರುತ್ತದೆ, ಕೆಳಗಿನ ಊರಿನವರಿಗೆ ಆ ನೀರು ಬಳಕೆಗೆ ಬಾರದಾಗುತ್ತದೆ. ಕೊಯ್ಲು ನಡೆಯುವುದು ಹಳ್ಳಗಳು ಸೊರಗತೊಡಗುವ ಚಳಿಗಾಲ ಮತ್ತು ಬೇಸಿಗೆಯ ಆರಂಭದಲ್ಲಿ ಎಂಬುದು ಈ ಹಾನಿಯನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ಕಾವೇರಿ, ಹೇಮಾವತಿ, ತುಂಗಾ, ಭದ್ರೆಯರಿಗೆ ನೀರು ಕೂಡುವುದು ಇದೇ ಸೀಮೆಯಲ್ಲಾದ್ದರಿಂದ ಇದು ಒಂದೆರಡು ತೋಟಗಳ ಮಾತಾಗಿ ಉಳಿಯುವುದಿಲ್ಲ. ಕಡಿಮೆ ನೀರು ಬಳಸುವ ಪಲ್ಪರ್‌ಗಳು, ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಸಂಸ್ಕರಿಸುವ ಕ್ರಮಗಳು ಇವೆ. ಅವಕ್ಕೆ ಹಣ ಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ದುಡಿಯುವ ಜನ. ಎರವ, ಪಣಿಯ, ಕುರುಬ ಸಮುದಾಯಗಳ ಕುಟುಂಬಗಳು ತಲೆಮಾರುಗಳಿಂದ ತೋಟಗಳ ಲೈನ್ ಮನೆಗಳಲ್ಲಿ ಬದುಕುತ್ತ ಬಂದಿವೆ. ಈಚಿನ ವರ್ಷಗಳಲ್ಲಿ ಅಸ್ಸಾಂ ಮತ್ತಿತರ ರಾಜ್ಯಗಳ ವಲಸೆ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದಾರೆ. ಜೀತಪದ್ಧತಿಯನ್ನು 1976ರ ಕಾಯ್ದೆ ರದ್ದುಪಡಿಸಿದೆ, ತೋಟ ಕಾರ್ಮಿಕರ ವಸತಿ–ಆರೋಗ್ಯಗಳ ಕುರಿತು 1951ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಆದರೂ ಮುಂಗಡದ ಹೆಸರಿನ ಸಾಲ ತೀರದೆ ಬೇರೆ ಕಡೆ ಕೆಲಸಕ್ಕೆ ಹೋಗಲಾಗದ ಸ್ಥಿತಿ, ತಾನು ಮಲಗುವ ಸೂರು ಕೆಲಸ ಕೊಟ್ಟವನದೇ ಆಗಿರುವುದರಿಂದ ದನಿಯೆತ್ತಲಾಗದ ಅಸಹಾಯಕತೆ ಈ ಬಗೆಯ ದುಡಿಮೆಗೆ ಅಂಟಿಕೊಂಡ ಅಪಾಯಗಳು. ಇಂಥವು ಯಾವ ನಕ್ಷೆಯಲ್ಲೂ ಮೂಡುವುದಿಲ್ಲ. ಮುಂಚಿತವಾಗಿ ತಿಳಿಸಿ ಬಂದು, ಯಜಮಾನನ ಸಮ್ಮುಖದಲ್ಲಿ ಪ್ರಶ್ನೆ ಕೇಳಿ, ಸಂಜೆಯೊಳಗೆ ಹಿಂದಿರುಗುವ ತಪಾಸಕನಿಗೂ ಇವು ಕಾಣಿಸಲಾರವು.

ಪ್ರಮಾಣಪತ್ರದ ಮಿತಿ

ತಪಾಸಣೆ ಮತ್ತು ಪ್ರಮಾಣಪತ್ರಗಳನ್ನೇ ನಂಬಿಕೊಂಡ ವ್ಯವಸ್ಥೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ ದಕ್ಷಿಣ ಏಷ್ಯಾದ ಉಡುಪು ಉದ್ಯಮ ಘೋರ ಸಾಕ್ಷಿಗಳನ್ನು ಒದಗಿಸಿದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಬೆಂಕಿಗೆ 250ಕ್ಕೂ ಹೆಚ್ಚು ಜನ ಬಲಿಯಾದರು. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಅಂತರರಾಷ್ಟ್ರೀಯ ಕಾರ್ಮಿಕ ಮಾನದಂಡದ ಪ್ರಮಾಣಪತ್ರ ದೊರೆತಿತ್ತು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು; ಆದರೂ ಕಾರ್ಮಿಕರನ್ನು ಒಳಗೆ ಕಳಿಸಲಾಗಿತ್ತು.

ಈ ದುರಂತದ ಬಳಿಕ ರೂಪುಗೊಂಡ ಬಾಂಗ್ಲಾದೇಶದ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದ ಹಿಂದಿನ ಪ್ರಯತ್ನಗಳಿಗಿಂತ ಭಿನ್ನವಾಗಿತ್ತು. ಇನ್ನೂರಕ್ಕೂ ಹೆಚ್ಚು ಜಾಗತಿಕ ಕಂಪನಿಗಳು ಕಾರ್ಮಿಕ ಸಂಘಗಳ ಜೊತೆ ಕಾನೂನಿನ ಕಟ್ಟುಪಾಡಿರುವ ಒಪ್ಪಂದಕ್ಕೆ ಸಹಿ ಹಾಕಿದವು; ಸ್ವತಂತ್ರ ಎಂಜಿನಿಯರುಗಳ ತಪಾಸಣೆಗೆ ಆ ಕಂಪನಿಗಳೇ ಹಣ ಒದಗಿಸಿದವು, ವರದಿಗಳು ಬಹಿರಂಗವಾದವು. ದುರಸ್ತಿಯ ಖರ್ಚನ್ನು ಕಾರ್ಖಾನೆ ಭರಿಸಬಲ್ಲಂಥ ವ್ಯವಹಾರದ ನಿಬಂಧನೆಗಳನ್ನು ಕೊಳ್ಳುವವರೇ ಒದಗಿಸಬೇಕೆಂದೂ, ವಿವಾದವೆದ್ದರೆ ಮಧ್ಯಸ್ಥಿಕೆಯ ಮೊರೆಹೋಗಬಹುದೆಂದೂ ಅದರಲ್ಲಿ ಬರೆಯಲಾಗಿತ್ತು. ಕೊಳ್ಳುವವನು ತಪಾಸಕನಾಗಿ ದೂರ ನಿಲ್ಲದೆ ಖರ್ಚಿನಲ್ಲೂ ಹೊಣೆಯಲ್ಲೂ ಪಾಲುದಾರನಾದದ್ದು ಅದರ ತಿರುಳು. ಕಾಫಿಗಾಗಲಿ, ಬೇರೆ ಯಾವ ಸರಕಿಗಾಗಲಿ ಅದರಿಂದ ಕಲಿಯಬೇಕಾದ ಪಾಠವೂ ಅದೇ.

ಹೊಣೆ ಹಂಚಿಕೊಳ್ಳುವ ಬಗೆ

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳು ಮತ್ತು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿ ಈ ದಿಸೆಯ ಚೌಕಟ್ಟನ್ನು ಆಗಲೇ ಕೊಟ್ಟಿವೆ. ಹೊಣೆಯನ್ನು ಕಂಪನಿಯ ನೀತಿಯಲ್ಲಿ ಸೇರಿಸುವುದು, ಹಾನಿಯ ಸಾಧ್ಯತೆಗಳನ್ನು ಗುರುತಿಸುವುದು, ತಡೆಯುವುದು, ಫಲಿತಾಂಶವನ್ನು ಗಮನಿಸುವುದು, ಸಾರ್ವಜನಿಕರಿಗೆ ತಿಳಿಸುವುದು, ಹಾನಿಗೊಳಗಾದವರಿಗೆ ಪರಿಹಾರ ದೊರಕಿಸುವುದು ಅದರ ಹಂತಗಳು. ಗಂಭೀರ ಹಾನಿಯ ಕಡೆಗೆ ಮೊದಲು ಗಮನ ಕೊಡಬೇಕು, ಸಮಸ್ಯೆ ಕಂಡೊಡನೆ ವ್ಯವಹಾರ ಕಡಿದುಕೊಂಡು ಓಡಿಹೋಗುವುದು ಕಟ್ಟಕಡೆಯ ಉಪಾಯವಾಗಬೇಕು ಎಂಬ ವಿವೇಕವೂ ಅದರಲ್ಲಿದೆ. ಸಣ್ಣ ಬೆಳೆಗಾರರ ಜೊತೆಗಿನ ಪತ್ರವ್ಯವಹಾರ ಕಷ್ಟವೆಂದು ಆಮದುದಾರರು ದೊಡ್ಡ ಎಸ್ಟೇಟುಗಳಿಂದಷ್ಟೇ ಕೊಳ್ಳತೊಡಗಿದರೆ, ಕಾಡೂ ಉಳಿಯುವುದಿಲ್ಲ, ಬಡವನೂ ಉಳಿಯುವುದಿಲ್ಲ. ಪೇಟೆ ಕಳೆದುಕೊಂಡ ತೋಟ ರೆಸಾರ್ಟಿಗೋ ಲೇಔಟಿಗೋ ಮಾರಾಟವಾದರೆ ಅಲ್ಲಿನ ನೆರಳು ಮರಗಳಿಗೆ ಯಾವ ನಿಯಮದ ರಕ್ಷಣೆಯೂ ಇರುವುದಿಲ್ಲ.

ಆದ್ದರಿಂದ ಹೊಣೆ ಹಂಚಿಕೆ ನಾಲ್ಕು ಕಡೆಗಳಲ್ಲಿ ಕಾಣಿಸಿಕೊಳ್ಳಬೇಕು. ಮೊದಲನೆಯದು ಬೆಲೆ: ತೋಟದ ನಕ್ಷೆ ಮಾಡಿಸಿ, ರಾಶಿಯನ್ನು ಬೆರೆಸದೆ ಇಟ್ಟು, ಕಾಡುಜಾತಿಯ ಮರ ಉಳಿಸಿಕೊಂಡವನಿಗೆ ಚೀಲದ ದರದಲ್ಲೇ ಅದರ ಗುರುತು ಸಿಗಬೇಕು. ಎರಡನೆಯದು ಅವಧಿ: ಒಂದು ಫಸಲಿನ ಮಟ್ಟಿಗೆ ಕೊಂಡು ಮುಂದಿನ ವರ್ಷ ಕೈಬಿಡುವ ವ್ಯಾಪಾರವನ್ನು ನಂಬಿ ಯಾರೂ ನೀರು ಸಂಸ್ಕರಣೆಗೆ ಸಾಲ ಮಾಡುವುದಿಲ್ಲ, ಹಲವು ವರ್ಷಗಳ ಖರೀದಿ ಒಪ್ಪಂದವೇ ಆ ಧೈರ್ಯ ಕೊಡಬಲ್ಲದು. ಮೂರನೆಯದು ಮಾಹಿತಿಯ ಒಡೆತನ: ಬೆಳೆಗಾರನ ತೋಟದ ಸ್ಥಳ ವಿವರ ಅವನದೇ ಆಸ್ತಿಯಾಗಿ ಉಳಿದು, ಯಾವ ಕೊಳ್ಳುವವನಿಗೆ ಬೇಕಾದರೂ ತೋರಿಸಿ ಮಾರುವ ಸ್ವಾತಂತ್ರ್ಯ ಅವನಿಗಿರಬೇಕು, ಇಲ್ಲವಾದರೆ ನಕ್ಷೆ ಮಾಡಿಸಿಕೊಟ್ಟ ಕಂಪನಿಗೇ ಅವನು ಕಟ್ಟುಬೀಳುತ್ತಾನೆ. ನಾಲ್ಕನೆಯದು ಸಂಘಟನೆ: ಬಿಡಿ ಬೆಳೆಗಾರನಿಗೆ ಹೊರಲಾಗದ ದಾಖಲೆಯ ಭಾರವನ್ನು ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿ ಹೊರಬಲ್ಲದು.

ಈ ನಾಲ್ಕನೆಯದಕ್ಕೆ ಇಲ್ಲಿಯದೇ ಇತಿಹಾಸವಿದೆ. 1942ರ ಕಾಯ್ದೆಯ ಆಧಾರದಲ್ಲಿ ಬೆಳೆದು ಬಂದ ಕಾಫಿ ಮಂಡಳಿ 1990ರ ದಶಕದ ಮಧ್ಯಭಾಗದವರೆಗೂ ಬೆಳೆಗಾರರ ಕಾಫಿಯನ್ನು ಪೂಲ್‌ಗೆ ತರಿಸಿಕೊಂಡು, ಎಂದರೆ ಎಲ್ಲರದನ್ನೂ ಒಟ್ಟಾಗಿ ಸೇರಿಸಿ, ಮಾರುತ್ತಿತ್ತು. ಹಣ ಕಂತಿನಲ್ಲಿ, ತಡವಾಗಿ ಬರುತ್ತಿದ್ದುದರಿಂದ ಬೆಳೆಗಾರರು ಆ ಪದ್ಧತಿಯಿಂದ ಬೇಸತ್ತು ಮುಕ್ತ ಮಾರುಕಟ್ಟೆಯನ್ನು ಬಯಸಿದ್ದರಲ್ಲಿ ನ್ಯಾಯವಿತ್ತು. ಆದರೆ ಪೂಲ್ ಹೋದಾಗ ಸಣ್ಣ ಬೆಳೆಗಾರರ ಪರವಾಗಿ ಸರಕನ್ನೂ ಲೆಕ್ಕವನ್ನೂ ಒಟ್ಟುಗೂಡಿಸುತ್ತಿದ್ದ ಸಾರ್ವಜನಿಕ ವ್ಯವಸ್ಥೆಯೂ ಹೋಯಿತು. ಪೂಲ್ ಮರಳಿ ಬರಬೇಕಾಗಿಲ್ಲ. ಆದರೆ ನೋಂದಣಿ, ನಕ್ಷೆ, ದಾಖಲೆಗಳ ಕೆಲಸವನ್ನು ಉಚಿತ ಸಾರ್ವಜನಿಕ ಸೇವೆಯಾಗಿ ಮಂಡಳಿ ನಡೆಸುವುದು ಅದರ ಹುಟ್ಟಿನ ಉದ್ದೇಶಕ್ಕೆ ತಕ್ಕದ್ದು.

ದೇಶದೊಳಗಿನ ಉದ್ಯಮಗಳೂ ಈ ಚರ್ಚೆಯ ಹೊರಗಿಲ್ಲ. ಷೇರುಪೇಟೆಯಲ್ಲಿರುವ ಅಗ್ರ 1,000 ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ಕುರಿತು ನಿಗದಿತ ನಮೂನೆಯಲ್ಲಿ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಪೂರೈಕೆದಾರರ ಸ್ಥಿತಿಗತಿಯನ್ನೂ ಅದರಲ್ಲಿ ಸೇರಿಸಬೇಕೆಂಬ ಬೇಡಿಕೆ ಬಳಿಕ ಸಡಿಲಗೊಂಡು ಸ್ವಯಂಪ್ರೇರಿತವಾಯಿತು. ಯುರೋಪಿನ ಗ್ರಾಹಕ ಕೇಳಿದಾಗ ಮಾತ್ರ ತೋಟದ ಲೈನ್ ಮನೆಯ ಕಡೆ ನೋಡಿ, ಬೆಂಗಳೂರಿನ ಗ್ರಾಹಕ ಕೇಳದಿದ್ದರೆ ಸುಮ್ಮನಿರುವ ನಡೆ ಸುಸ್ಥಿರತೆಯೆನಿಸದು. ಫಿಲ್ಟರ್ ಕಾಫಿಯನ್ನು ನಿತ್ಯದ ಬದುಕಿನ ಭಾಗವಾಗಿಸಿಕೊಂಡ ನಾಡಿಗೆ ತನ್ನದೇ ಗುಡ್ಡಗಳ ನೀರು, ಮರ ಮತ್ತು ಕೆಲಸಗಾರರ ಬಗ್ಗೆ ಪರದೇಶದವರಿಗಿಂತ ಹೆಚ್ಚಿನ ಕಾಳಜಿ ಇರಬೇಕಾದದ್ದು ಸಹಜ ಧರ್ಮ.

ಪೂರೈಕೆ ಸರಪಳಿಯ ಅಪಾಯವನ್ನು ನಿರ್ವಹಿಸಲಾಗಿದೆಯೇ ಎಂದು ತಿಳಿಯಲು ಕಂಪನಿಯ ವರದಿಯ ಪುಟಗಳನ್ನು ಎಣಿಸಬೇಕಾಗಿಲ್ಲ. ಸರಪಳಿಯ ಬುಡದಲ್ಲಿರುವ ಬೆಳೆಗಾರನ ಆದಾಯ ಹೆಚ್ಚು ಭದ್ರವಾಗಿದೆಯೇ, ಕೊಯ್ಲಿಗೆ ಬಂದ ಕೆಲಸಗಾರ್ತಿ ಬೇಡವೆನಿಸಿದಾಗ ಸಾಲದ ಭಯವಿಲ್ಲದೆ ಕೆಲಸ ಬಿಡಬಲ್ಲಳೇ, ತೋಟದ ಕೆಳಗಿನ ಊರಿಗೆ ಶುದ್ಧ ನೀರು ಇಳಿಯುತ್ತಿದೆಯೇ ಎಂಬ ಮೂರು ಪ್ರಶ್ನೆಗಳು ಸಾಕು. ಇವಕ್ಕೆ ಹೌದೆಂಬ ಉತ್ತರ ಸಿಗುವವರೆಗೆ ಖರ್ಚಿನಲ್ಲಿ ಪಾಲು ಹೊರುವುದು ಕೊಳ್ಳುವವರ ಕರ್ತವ್ಯ, ಕಡತಗಳನ್ನು ಇತ್ಯರ್ಥಪಡಿಸುವುದು ಸರ್ಕಾರದ ಕರ್ತವ್ಯ, ಮರ ಮತ್ತು ನೀರನ್ನು ಕಾಯುವುದರ ಜೊತೆಗೆ ದುಡಿಯುವವರಿಗೆ ನ್ಯಾಯ ಸಲ್ಲಿಸುವುದು ಬೆಳೆಗಾರರ ಕರ್ತವ್ಯ. ಈ ಮೂವರಲ್ಲಿ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರ ಮೇಲೆ ಹೊರಿಸಿದರೂ, ಉಳಿದಿಬ್ಬರ ಪ್ರಾಮಾಣಿಕ ದುಡಿಮೆ ಫಲ ಕೊಡಲಾರದು.